ಬಾಲಪ್ರಪಂಚದಿಂದ ಕೈಗಾದವರೆಗೆ

1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದ ಮತದಾರರ ಮುಂದೆ 87 ವರ್ಷದ ಒಬ್ಬ ಅಭ್ಯರ್ಥಿ ಬಂದು ನಿಂತರು. ಗೆದ್ದು ಮಂತ್ರಿಯಾಗಬೇಕೆಂದು ಆಸೆಪಡುವ ವಯಸ್ಸಲ್ಲ ಅದು. ಜ್ಞಾನಪೀಠ ಬಂದು ಹತ್ತು ವರ್ಷ ಮೇಲಾಗಿತ್ತು. ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ಕಾಲದಲ್ಲೇ ಹಿಂದಿರುಗಿಸಿ ಆಗಿತ್ತು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡ ಎಂಬುದೇ ಕೋಟ ಶಿವರಾಮ ಕಾರಂತರು ಜನರ ಮುಂದಿಟ್ಟ ಮುಖ್ಯ ಮಾತು. ಅವರು ಸೋತರು. ಆ ಸೋಲನ್ನು ನಾವು ಸಾಮಾನ್ಯವಾಗಿ ದೊಡ್ಡ ಸಾಹಿತಿಯೊಬ್ಬರ ಮುಪ್ಪಿನ ಹಟ ಎಂದು ನೆನೆಯುತ್ತೇವೆ, ಸ್ವಲ್ಪ ಗೌರವದಿಂದ, ಸ್ವಲ್ಪ ಮುಗುಳ್ನಗೆಯಿಂದ. ಕಾರಂತರನ್ನು ಪಾಲು ಮಾಡಿಕೊಳ್ಳುವ ನಮ್ಮ ರೂಢಿಯೂ ಇದಕ್ಕೆ ಕಾರಣ. ಕಾದಂಬರಿಗಳು ವಿಮರ್ಶಕರ ಪಾಲಿಗೆ, ಯಕ್ಷಗಾನ ಕಲಾವಿದರ ಮತ್ತು ಸಂಶೋಧಕರ ಪಾಲಿಗೆ, ಕೈಗಾ ಪರಿಸರದವರ ಪಾಲಿಗೆ ಹೋಗಿವೆ. ಅವರು ಮಕ್ಕಳಿಗಾಗಿ ಬರೆದ ರಾಶಿ ರಾಶಿ ಪುಟಗಳು ಮಾತ್ರ ಯಾರ ಪಾಲಿಗೂ ಬಾರದೆ ಉಳಿದಿವೆ. ಆ ಅನಾಥ ಪಾಲಿನಿಂದಲೇ ಓದಲು ತೊಡಗಿದರೆ ಅವರ ಬದುಕಿನ ಕೊನೆಯ ಹೋರಾಟ ಬೇರೆಯಾಗಿ ಕಾಣುತ್ತದೆ ಎಂಬುದು ನನ್ನ ವಾದ. 1930ರ ದಶಕದಲ್ಲಿ ಪುತ್ತೂರಿನಲ್ಲಿ ಕೂತು ಅವರು ಹಿಡಿದ ಕೆಲಸವೇ ಐವತ್ತು ವರ್ಷಗಳ ನಂತರ ಸುಪ್ರೀಂ ಕೋರ್ಟಿಗೂ ಚುನಾವಣಾ ಕಣಕ್ಕೂ ಹೋಯಿತು.

ಆ ದಶಕದ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ 1841ರಿಂದಲೇ ಇತ್ತು, ಹಾಗಾಗಿ ಅಚ್ಚಾದ ಪುಸ್ತಕ ಕರಾವಳಿಯ ಶಾಲೆಗಳಿಗೆ ಹೊಸದಲ್ಲ. ಪಂಜೆ ಮಂಗೇಶರಾಯರು ಮಕ್ಕಳ ಪದ್ಯ ಮತ್ತು ಕಥೆಗಳಿಗೆ ಕನ್ನಡದಲ್ಲಿ ಒಂದು ಲವಲವಿಕೆ ತಂದುಕೊಟ್ಟಿದ್ದರು. ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1910ರ ದಶಕದ ಕೊನೆಯಲ್ಲೇ ‘ವಿಜ್ಞಾನ’ ಎಂಬ ಪತ್ರಿಕೆ ಹೊರಡಿಸಿ ಕನ್ನಡದಲ್ಲಿ ಶಾಸ್ತ್ರ ಬರೆಯಬಹುದೆಂದು ತೋರಿಸಿದ್ದರು. ಆದರೆ ಆ ಪತ್ರಿಕೆ ಓದುಬಲ್ಲ ದೊಡ್ಡವರಿಗಾಗಿ ಇತ್ತು. ಮಕ್ಕಳ ಪಾಲಿಗಿದ್ದದ್ದು ಹಾಡು, ನೀತಿಕಥೆ, ಪುರಾಣ. ಮಳೆ ಏಕೆ ಬರುತ್ತದೆ, ಮಣ್ಣು ಹೇಗಾಯಿತು, ಗೆದ್ದಲು ಹುತ್ತವನ್ನು ಹೇಗೆ ಕಟ್ಟುತ್ತದೆ ಎಂದು ಕೇಳುವ ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ಕೊಡಲು ಪುಸ್ತಕ ಇರಲಿಲ್ಲ ಎಂದರೆ ತಪ್ಪಾಗದು. 1936ರಲ್ಲಿ ಕಾರಂತರ ‘ಬಾಲಪ್ರಪಂಚ’ ಮೂರು ಸಂಪುಟಗಳಲ್ಲಿ ಬಂದಾಗ ಅದು ತುಂಬಿದ್ದು ಈ ತೆರಪನ್ನು.

ಈ ಸಾಹಸದ ಅಳತೆ ತಿಳಿಯಬೇಕಾದರೆ ಅದರ ಜೊತೆಯವರನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಆರ್ಥರ್ ಮೀ ಅವರ ಮಕ್ಕಳ ವಿಶ್ವಕೋಶ 1908ರಿಂದ ಕಂತುಕಂತಾಗಿ ಬಂದಿತ್ತು. ಅದರ ಹಿಂದೆ ಬರಹಗಾರರ, ಚಿತ್ರಕಾರರ ಒಂದು ದಂಡೂ ಲಂಡನ್ನಿನ ದೊಡ್ಡ ಮುದ್ರಣ ಸಂಸ್ಥೆಯೂ ಇದ್ದವು. ಕಾರಂತರ ಹಿಂದೆ ಇದ್ದದ್ದು ಪುತ್ತೂರು. ಕಾಲೇಜು ಓದನ್ನು ಅಸಹಕಾರ ಚಳವಳಿಯ ಕಾಲದಲ್ಲಿ ಬಿಟ್ಟು ಬಂದವರು ಅವರು. ವಿಜ್ಞಾನದ ಪದವಿ ಇಲ್ಲ, ಸರಕಾರದ ನೆರವಿಲ್ಲ. ಪ್ರತಿಯೊಂದು ಚಿತ್ರಕ್ಕೂ ಬ್ಲಾಕು ಮಾಡಿಸಬೇಕಾಗಿದ್ದ ಕಾಲದಲ್ಲಿ ಚಿತ್ರಗಳೇ ಜೀವಾಳವಾದ ಪುಸ್ತಕಕ್ಕೆ ಕೈಹಾಕುವುದು ಲೆಕ್ಕ ಬಲ್ಲ ಯಾವ ಪ್ರಕಾಶಕನೂ ಮಾಡದ ಕೆಲಸ. ವಿಶ್ವಕೋಶವನ್ನು ಒಬ್ಬನೇ ಬರೆಯುವುದರಲ್ಲಿ ಅಪಾಯವೂ ಇದೆ. ತಜ್ಞರ ತಿದ್ದುಪಡಿ ಇರುವುದಿಲ್ಲ, ಬರೆಯುವವನ ಒಲವು ನಿಲುವುಗಳು ಪುಟಪುಟದಲ್ಲೂ ಇಣುಕುತ್ತವೆ. ಆದರೆ ಒಬ್ಬನೇ ಬರೆದಾಗ ಭೂಮಿ, ಗಿಡ, ಪ್ರಾಣಿ, ಮನುಷ್ಯ, ಯಂತ್ರ ಇವೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ, ಒಂದಕ್ಕೊಂದು ಸಂಬಂಧ ಉಳ್ಳವಾಗಿ ಕಾಣುತ್ತವೆ. ನನಗೆ ಮುಖ್ಯವಾಗಿ ತೋರುವುದು ಇದು. ಕಾಡು ಬೇರೆ, ಕಲೆ ಬೇರೆ, ಆಡಳಿತ ಬೇರೆ ಎಂದು ಒಪ್ಪದ ಮನಸ್ಸು ಆ ಮೂರು ಸಂಪುಟಗಳಲ್ಲೇ ರೂಪುಗೊಂಡಿತ್ತು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. 1936ರ ಕರಾವಳಿಯ ಮಗುವಿಗೆ ಪ್ರಕೃತಿಯನ್ನು ಪರಿಚಯ ಮಾಡಿಕೊಡಬೇಕಾಗಿತ್ತೇ? ಗದ್ದೆಯ ಹುಣಿಯ ಮೇಲೆ ನಡೆದು ಶಾಲೆಗೆ ಹೋಗುವ, ತೋಡಿನಲ್ಲಿ ಈಜುವ, ದನ ಮೇಯಿಸುವ, ಕಾಟುಮಾವು ಹೆಕ್ಕುವ ಮಗುವಿಗೆ ಅದೆಲ್ಲ ಗೊತ್ತೇ ಇತ್ತಲ್ಲ. ಪ್ರಕೃತಿಯಿಂದ ದೂರವಾದ ಮಕ್ಕಳು ಎಂಬುದು ಇಂದಿನ ಬೆಂಗಳೂರಿನ ಅಪಾರ್ಟ್‌ಮೆಂಟಿನ ಚಿಂತೆ. ಅದನ್ನು ಕಾರಂತರ ಕಾಲಕ್ಕೆ ಹೊರಿಸುವುದು ಅನ್ಯಾಯ ಎನ್ನಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಮಗು ತೋಡು ದಾಟಿ ಶಾಲೆಯ ಒಳಗೆ ಕಾಲಿಟ್ಟ ಕ್ಷಣ ಅದಕ್ಕೆ ಗೊತ್ತಿದ್ದದ್ದೆಲ್ಲ ಬೆಲೆಯಿಲ್ಲದ್ದಾಗುತ್ತಿತ್ತು. ಶಾಲೆ ಕೊಡುತ್ತಿದ್ದ ವಿದ್ಯೆಯ ಕೊನೆಯಲ್ಲಿ ಗುಮಾಸ್ತನ ಮೇಜು ಇತ್ತು. ಪಾಠವೆಂದರೆ ಬಾಯಿಪಾಠ, ಕಣ್ಣೆದುರಿನ ಹಲಸಿನ ಮರದ ಬಗ್ಗೆ ಪ್ರಶ್ನೆ ಕೇಳುವುದು ಓದಿನ ಭಾಗ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಅಕ್ಷರ ಕಲಿತಷ್ಟೂ ಹುಡುಗ ಮಣ್ಣಿನಿಂದ ದೂರ ಹೋಗುವ ಆ ಚಲನೆಯನ್ನೇ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳ ಕಥೆಯಾಗಿ ಹೇಳಿದರು. ಒಡನಾಟ ಇದ್ದಾಗಲೂ ಅದನ್ನು ಅರಿವು ಎಂದು ಮನ್ನಿಸದ ವಿದ್ಯಾಭ್ಯಾಸ ಒಂದೆರಡು ತಲೆಮಾರುಗಳಲ್ಲಿ ಒಡನಾಟವನ್ನೂ ಕಳೆಯುತ್ತದೆ. ಈಗಿನ ಅಪಾರ್ಟ್‌ಮೆಂಟಿನ ಮಗುವಿನ ಅಜ್ಜ ಆ ಶಾಲೆಯಲ್ಲೇ ಓದಿದವನು.

ಕಾನೂನೂ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತಿತ್ತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಕಡಿವಾಣ ಬಿದ್ದಿತ್ತು. 1882ರ ಮದರಾಸು ಅರಣ್ಯ ಕಾಯಿದೆ ಮೀಸಲು ಅರಣ್ಯಗಳ ಗಡಿ ಎಳೆಯಿತು. ಗದ್ದೆ, ತೋಟದ ಪಕ್ಕದ ಕುಮ್ಕಿಯಿಂದ ಸೊಪ್ಪು ಸೌದೆ ತರುವುದು ದಕ್ಷಿಣ ಕನ್ನಡದಲ್ಲಿ ಸವಲತ್ತಾಗಿ ಉಳಿಯಿತು. ಉತ್ತರ ಕನ್ನಡದಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಉಳಿಯಿತು. ಅದರಾಚೆಯ ಕಾಡು ಇಲಾಖೆಯದು. 1930ರಲ್ಲಿ ಉತ್ತರ ಕನ್ನಡದ ರೈತರು ಜಂಗಲ್ ಸತ್ಯಾಗ್ರಹ ಮಾಡಿದ್ದು ಕಾಡಿನ ಸೌಂದರ್ಯಕ್ಕಾಗಿ ಅಲ್ಲ, ಇಂಥ ಗಡಿರೇಖೆಯ ವಿರುದ್ಧ. ‘ಬಾಲಪ್ರಪಂಚ’ ಬಂದದ್ದು ಇದಾಗಿ ಆರು ವರ್ಷಕ್ಕೆ. ಎರಡಕ್ಕೂ ನೇರ ನಂಟು ಇದೆ ಎಂದು ನಾನು ಹೇಳುವುದಿಲ್ಲ. ಮಲೆನಾಡಿನ ಮತ್ತು ಕರಾವಳಿಯ ಜನ ತಮ್ಮ ಸುತ್ತಲಿನ ನೆಲದ ಮೇಲೆ ಹಕ್ಕನ್ನೂ ಅದರ ಬಗೆಗಿನ ತಮ್ಮ ತಿಳಿವಳಿಕೆಗೆ ಮರ್ಯಾದೆಯನ್ನೂ ಒಟ್ಟೊಟ್ಟಿಗೆ ಕಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಆ ಪುಸ್ತಕ ಬಂತು ಎಂಬುದಷ್ಟೇ ಗಮನಕ್ಕೆ ಬರಬೇಕು.

ಪುಸ್ತಕದಿಂದ ಪ್ರಕೃತಿಯ ನಂಟು ಬೆಳೆಯುತ್ತದೆಯೇ ಎಂಬುದು ಎರಡನೆಯ ಆಕ್ಷೇಪ. ಹಕ್ಕಿಯನ್ನು ಪುಟದಲ್ಲಿ ನೋಡಿದ ಮಗು ಹಕ್ಕಿಯನ್ನು ನೋಡಿದಂತಾಯಿತೇ? ಇದಕ್ಕೆ ಕಾರಂತರ ಉತ್ತರ ಪುಸ್ತಕದ ಆಚೆ ಇತ್ತು. ಪುತ್ತೂರಿನ ಪರ್ಲಡ್ಕದಲ್ಲಿ ಅವರು ಕಟ್ಟಿದ ಬಾಲವನ ಅವರ ಮನೆಯೂ ಹೌದು, ಮಕ್ಕಳ ಕಲಿಕೆಯ ಪ್ರಯೋಗಶಾಲೆಯೂ ಹೌದು. ಹಾಡು, ಕುಣಿತ, ನಾಟಕ, ಚಿತ್ರ, ಗಿಡಮರ ಎಲ್ಲವೂ ಪಾಠವಾಗಬೇಕೆಂಬ ಹಂಬಲ ಅಲ್ಲಿತ್ತು. ಹಂಬಲ ಅವರೊಬ್ಬರದೇ ಆಗಿರಲಿಲ್ಲ. ರವೀಂದ್ರನಾಥರ ಶಾಂತಿನಿಕೇತನ 1901ರಲ್ಲೇ ಮರದ ಕೆಳಗೆ ತರಗತಿ ನಡೆಸಿತ್ತು; ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಬಾಲವನದ ಶಾಲಾ ಪ್ರಯೋಗ ಅವುಗಳಂತೆ ಬೇರುಬಿಡಲಿಲ್ಲ, ದೀರ್ಘ ಕಾಲ ನಡೆಯಲೂ ಇಲ್ಲ. ಒಬ್ಬ ವ್ಯಕ್ತಿಯ ಚಟುವಟಿಕೆಯನ್ನೇ ನಂಬಿದ ಸಂಸ್ಥೆಗಳ ಪಾಡು ಹೀಗೆಯೇ, ಮತ್ತು ಕಾರಂತರು ಒಂದೇ ಕಡೆ ಕಾಲೂರುವ ಜಾಯಮಾನದವರಲ್ಲ. ಆದರೆ ಬಾಲವನದ ವರ್ಷಗಳು ಅವರ ಬರಹಕ್ಕೆ ಒಂದು ಅಭ್ಯಾಸವನ್ನು ಕೊಟ್ಟವು: ಮೊದಲು ಕಣ್ಣಿಗೆ ಕಾಣುವುದನ್ನು ತೋರಿಸು, ವಿವರಣೆ ಆಮೇಲೆ ಬರಲಿ. ‘ಚಿತ್ರಮಯ ದಕ್ಷಿಣ ಕನ್ನಡ’ ಎಂಬ ಪುಸ್ತಕವನ್ನು ಅವರು ಹೊರತಂದದ್ದೂ ಅದೇ ದಶಕದಲ್ಲಿ. ತನ್ನದೇ ಜಿಲ್ಲೆಯನ್ನು ಚಿತ್ರಗಳಲ್ಲಿ ಹಿಡಿದು ಜಿಲ್ಲೆಯ ಜನರಿಗೇ ತೋರಿಸುವ ಯೋಚನೆ ಈಗ ಸಾಧಾರಣವಾಗಿ ಕಾಣಬಹುದು. ಕ್ಯಾಮೆರಾ ಅಪರೂಪವಾಗಿದ್ದ ಕಾಲದಲ್ಲಿ, ಊರು ಎಂದರೆ ದೇವಸ್ಥಾನದ ಸ್ಥಳಪುರಾಣ ಎಂದು ತಿಳಿದಿದ್ದ ಓದುಗರ ನಡುವೆ, ಅದು ಹೊಸ ನೋಟ.

ಮೂರನೆಯ ಆಕ್ಷೇಪ ಹೆಚ್ಚು ತೀಕ್ಷ್ಣವಾದದ್ದು, ಮತ್ತು ಅದು ಕಾರಂತರ ಕಾದಂಬರಿಗಳಿಂದಲೇ ಹುಟ್ಟುತ್ತದೆ. 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಡು ಕಡಿದವನು. ಕುಕ್ಕೆ ಸುಬ್ರಹ್ಮಣ್ಯದ ಬೆಟ್ಟಗಳ ಬುಡದಲ್ಲಿ ದಟ್ಟ ಕಾಡನ್ನು ಕಳೆದು ಅಡಿಕೆ ತೋಟ ಎಬ್ಬಿಸಿದ ಮುದುಕನನ್ನು ಕಾದಂಬರಿ ಅಕ್ಕರೆಯಿಂದ ಚಿತ್ರಿಸುತ್ತದೆ. ಅಲ್ಲಿ ಹುಲಿಯ ಬೇಟೆಯೂ ಇದೆ. ಇಂದಿನ ವನ್ಯಜೀವಿ ಪ್ರೇಮಿಗೆ ಆ ಪುಟಗಳು ಕಸಿವಿಸಿ ತರುವುದು ಸಹಜ. ಇಂಥ ಲೇಖಕ 1980ರ ದಶಕದಲ್ಲಿ ಕಾಡಿನ ಪರವಾಗಿ ನಿಂತದ್ದು ಮನಸ್ಸು ಬದಲಾದ ಗುರುತಲ್ಲವೇ, ಮೊದಲಿನಿಂದಲೂ ಒಂದೇ ಕೆಲಸ ಎಂಬ ವಾದ ಇಲ್ಲಿ ಮುರಿದುಬೀಳುವುದಿಲ್ಲವೇ? ನನ್ನ ಓದಿನಲ್ಲಿ ‘ಬೆಟ್ಟದ ಜೀವ’ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತದೆ. ಕಾರಂತರಿಗೆ ಪ್ರಕೃತಿ ಎಂದೂ ಬೇಲಿಯ ಆಚೆ ನಿಂತು ನೋಡುವ ವಸ್ತುವಾಗಿರಲಿಲ್ಲ. ಗೋಪಾಲಯ್ಯನಿಗೆ ಬೆಟ್ಟದ ಒರತೆ ಎಲ್ಲಿದೆ, ಮಳೆಗಾಲದಲ್ಲಿ ನೀರು ಯಾವ ಕಡೆಗೆ ನುಗ್ಗುತ್ತದೆ, ಯಾವ ಪ್ರಾಣಿ ಯಾವಾಗ ಇಳಿಯುತ್ತದೆ ಎಂಬುದು ಗೊತ್ತು, ಏಕೆಂದರೆ ಅವನ ಊಟ ಅದರ ಮೇಲೆ ನಿಂತಿದೆ. ಕಾಡಿನೊಡನೆ ಅವನದು ಜಗಳದ ಸಂಬಂಧ, ಆದರೂ ಸಂಬಂಧ. ಅವನ ಮಗ ಊರು ಬಿಟ್ಟು ಹೋಗಿದ್ದಾನೆ. ಕಾದಂಬರಿಯ ನೋವು ಇರುವುದು ಅಲ್ಲಿ, ಕಡಿದ ಮರಗಳಲ್ಲಿ ಅಲ್ಲ. ಒಂದು ಕುಟುಂಬ ತನ್ನ ಕೈಯಿಂದ ಸಾಧ್ಯವಾದಷ್ಟು ನೆಲವನ್ನು ಹಸನು ಮಾಡಿಕೊಳ್ಳುವುದಕ್ಕೂ ಸರಕಾರ ಒಂದೇ ಸಹಿಯಲ್ಲಿ ಸಾವಿರಾರು ಹೆಕ್ಟೇರು ಕೊಟ್ಟುಬಿಡುವುದಕ್ಕೂ ಇರುವ ಅಂತರ ಕಾರಂತರಿಗೆ ಸ್ಪಷ್ಟವಿತ್ತು. ಕಾಡು ಕಡಿಯುವುದೆಲ್ಲ ಒಂದೇ ಪಾಪ ಎನ್ನುವವರಿಗೆ ಮಾತ್ರ ಆ ಅಂತರ ಕಾಣುವುದಿಲ್ಲ.

ನೆಲದ ನಂಟು ಯಾರಿಗೆ ದಕ್ಕುತ್ತದೆ ಎಂಬ ಪ್ರಶ್ನೆಯನ್ನೂ ಅವರು ಮುಚ್ಚಿಡಲಿಲ್ಲ. 1933ರ ‘ಚೋಮನ ದುಡಿ’ಯ ಚೋಮನಿಗಿಂತ ಚೆನ್ನಾಗಿ ಮಣ್ಣನ್ನು ಬಲ್ಲವರು ಆ ಊರಿನಲ್ಲಿ ಯಾರೂ ಇಲ್ಲ, ಅವನಿಗೆ ಬೇಸಾಯಕ್ಕೆ ಒಂದು ತುಂಡು ಗದ್ದೆ ಸಿಗುವುದಿಲ್ಲ, ಏಕೆಂದರೆ ಅವನ ಜಾತಿಯವರು ಸ್ವಂತ ಸಾಗುವಳಿ ಮಾಡುವುದನ್ನು ಊರು ಒಪ್ಪದು. 1951ರ ‘ಕುಡಿಯರ ಕೂಸು’ ಘಟ್ಟದ ಮೇಲಿನ ಮಲೆಕುಡಿಯರ ಬದುಕಿಗೆ ಹೋಗುತ್ತದೆ. ಅಲ್ಲಿ ಕಾಡನ್ನು ಬಲ್ಲವರು ಒಬ್ಬರು, ಕಾಡಿನ ಲಾಭ ಉಣ್ಣುವವರು ಇನ್ನೊಬ್ಬರು. ಮಕ್ಕಳನ್ನು ಪ್ರಕೃತಿಗೆ ಹತ್ತಿರ ತರುವ ಈಗಿನ ಶಿಬಿರ, ಚಾರಣಗಳ ಮಾತಿನಲ್ಲಿ ಈ ಪ್ರಶ್ನೆ ಬರುವುದೇ ಅಪರೂಪ. ಶುಲ್ಕ ಕೊಟ್ಟು ಕಾಡಿಗೆ ಹೋಗುವ ಮಗುವೂ ದಾರಿ ತೋರಿಸುವವನ ಮಗುವೂ ಆ ಸಂಜೆ ಒಂದೇ ಪಾಠ ಕಲಿಯುವುದಿಲ್ಲ. ಕಾರಂತರ ವಿಶ್ವಕೋಶವನ್ನೂ ಕಾದಂಬರಿಯನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟದ್ದರಿಂದ ನಾವು ಕಳೆದುಕೊಂಡದ್ದು ಈ ಒಳನೋಟವನ್ನೇ. ಒಂದರಲ್ಲಿ ಜಗತ್ತು ಹೇಗಿದೆ ಎಂದು ಹೇಳಿದವರು ಇನ್ನೊಂದರಲ್ಲಿ ಅದು ಯಾರ ಕೈಯಲ್ಲಿದೆ ಎಂದು ಹೇಳುತ್ತಿದ್ದರು.

1950ರ ದಶಕದ ಕೊನೆ ಮತ್ತು 60ರ ಆರಂಭದ ವರ್ಷಗಳಲ್ಲಿ ಕಾರಂತರು ಮತ್ತೆ ಅದೇ ಕೆಲಸಕ್ಕೆ ಮರಳಿದರು. ಈ ಬಾರಿ ದೊಡ್ಡವರಿಗಾಗಿ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ರೇಚಲ್ ಕಾರ್ಸನ್ ಅವರ ಕಡಲಿನ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ‘ಜನತೆಯೂ ಅರಣ್ಯಗಳೂ’ ಎಂಬ ಇನ್ನೊಂದು ಅನುವಾದವೂ ಅವರದಿದೆ. ಕಾರ್ಸನ್ ಆಯ್ಕೆಯನ್ನು ಕಾಕತಾಳೀಯ ಎಂದು ಬಿಡಲು ಮನಸ್ಸು ಬರುವುದಿಲ್ಲ. ಅಮೆರಿಕದ ಆ ಜೀವವಿಜ್ಞಾನಿ 1951ರಲ್ಲಿ ಕಡಲಿನ ಬಗ್ಗೆ ಬರೆದು ಜನಪ್ರಿಯರಾದರು. 1962ರಲ್ಲಿ ಕೀಟನಾಶಕಗಳ ವಿರುದ್ಧ ‘ಸೈಲೆಂಟ್ ಸ್ಪ್ರಿಂಗ್’ ಬರೆದಾಗ ರಾಸಾಯನಿಕ ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ಎರಡನೆಯ ಪುಸ್ತಕವನ್ನು ಜನ ನಂಬಿ ಓದಿದ್ದಕ್ಕೆ ಮೊದಲ ಪುಸ್ತಕ ಗಳಿಸಿಕೊಟ್ಟ ವಿಶ್ವಾಸವೂ ಒಂದು ಕಾರಣ. ಕಡಲನ್ನು ಹೀಗೆ ನೋಡಿ ಎಂದು ತೋರಿಸಿದವರು, ಇಲ್ಲಿ ವಿಷ ಸೇರುತ್ತಿದೆ ನೋಡಿ ಎಂದಾಗ ಓದುಗರು ತಲೆಯೆತ್ತಿ ನೋಡಿದರು. ಕಾರಂತರ ನಡಿಗೆಯೂ ಇದೇ ದಾರಿಯದು, ಮಧ್ಯದ ಅಂತರ ಮಾತ್ರ ಬಹಳ ದೊಡ್ಡದು.

ಆ ಅಂತರ ಮುಗಿದದ್ದು 1980ರ ದಶಕದಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸಂಗಡಿಗರು ಸಿದ್ಧಪಡಿಸಿದ ದೇಶದ ಪರಿಸರದ ನಾಗರಿಕ ವರದಿಯನ್ನು ಕಾರಂತರು ಕನ್ನಡಕ್ಕೆ ಅನುವಾದಿಸಿದರು. ಎಂಬತ್ತು ದಾಟಿದ ಕಾದಂಬರಿಕಾರ ತನ್ನ ಹೊತ್ತನ್ನು ಅಂಕಿಸಂಖ್ಯೆ ತುಂಬಿದ ವರದಿಗೆ ಕೊಟ್ಟದ್ದು ವಿಚಿತ್ರ ಎನಿಸಬಹುದು; ‘ಬಾಲಪ್ರಪಂಚ’ ಬರೆದವರಿಗೆ ಅದು ಹಳೆಯ ಕಸುಬು. ಅದೇ ಹೊತ್ತಿಗೆ, 1984ರಲ್ಲಿ, ರಾಜ್ಯ ಸರಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿತು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸರಕಾರಿ ಜಮೀನನ್ನು ಗುತ್ತಿಗೆಗೆ ಕೊಡುವ ಯೋಜನೆ ಅದು. ಕಡತದಲ್ಲಿ ಸಿ ಮತ್ತು ಡಿ ದರ್ಜೆಯ ಪಾಳುಭೂಮಿ ಎಂದು ಬರೆದಿದ್ದದ್ದು ಹಳ್ಳಿಯವರ ಪಾಲಿಗೆ ದನ ಮೇಯುವ ಜಾಗ, ಸೌದೆ ಸೊಪ್ಪಿನ ಜಾಗ. ಇದರ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು; ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಕಂಪನಿ ಮುಚ್ಚಿತು. ಪಾಳು ಎಂದು ಕಡತ ಹೇಳಿದ್ದನ್ನು ಪಾಳಲ್ಲ ಎಂದು ಹೇಳಬೇಕಾದರೆ ಅಲ್ಲಿ ಏನೇನು ಬೆಳೆಯುತ್ತದೆ, ಯಾರು ಬಳಸುತ್ತಾರೆ ಎಂಬುದನ್ನು ಕಂಡು ಹೆಸರಿಸಬಲ್ಲ ಜನ ಬೇಕು. ಆ ಪ್ರಕರಣದ ತಿರುಳೆಲ್ಲ ಇಷ್ಟೇ.

ಆದರೆ ಹೊಗಳಿಕೆಗೆ ಇಲ್ಲಿ ತಡೆ ಹಾಕಬೇಕು. ಜನರನ್ನು ಎಚ್ಚರಿಸಿದ್ದು ಕಾರಂತರು ಎಂದು ಬರೆದರೆ ಅದು ಸುಳ್ಳು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಸಂಘಟಿತರಾದದ್ದು ತಮ್ಮದೇ ಬಲದಿಂದ. ತೋಟಗಾರರ ಸಹಕಾರಿ ಸಂಘ 1981ರಲ್ಲಿ ಶಿರಸಿಯಲ್ಲಿ ತಜ್ಞರನ್ನು ಕರೆಸಿ ಯೋಜನೆಯ ಲಾಭನಷ್ಟಗಳ ಚರ್ಚೆ ನಡೆಸಿತ್ತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತಾಗ ಅಪ್ಪಿಕೋ ಚಳವಳಿ ಶುರುವಾಯಿತು. ಪಾಂಡುರಂಗ ಹೆಗಡೆ ಅದರ ಮುಂದಾಳು, ಹಿಂದಿನ ಪ್ರೇರಣೆ ಸುಂದರಲಾಲ್ ಬಹುಗುಣರದು. ಈ ಯಾವುದಕ್ಕೂ ಪುತ್ತೂರಿನ ವಿಶ್ವಕೋಶ ಕಾರಣವಲ್ಲ. ಲೇಖಕನ ಪಾತ್ರ ಬೇರೆ ಕಡೆ ಇದೆ. ಸಾಲ್ಕಣಿಯ ರೈತನಿಗೆ ತನ್ನ ಕಾಡು ಗೊತ್ತು, ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಕಾಡನ್ನು ಎಂದೂ ನೋಡದ, ಮೈಸೂರಿನಲ್ಲೋ ಬಳ್ಳಾರಿಯಲ್ಲೋ ಕೂತು ಪತ್ರಿಕೆ ಓದುವ ಕನ್ನಡಿಗನಿಗೆ ಅದು ತನ್ನದೂ ಹೌದು ಎನಿಸಬೇಕಾದರೆ ನಡುವೆ ಯಾರೋ ಇರಬೇಕು. ಕಾರಂತರ ಪುಸ್ತಕಗಳನ್ನು ಬಾಲ್ಯದಲ್ಲಿ ಓದಿದ ತಲೆಮಾರು ಅಷ್ಟು ಹೊತ್ತಿಗೆ ಮೇಷ್ಟ್ರು, ಪತ್ರಕರ್ತ, ಅಧಿಕಾರಿಯಾಗಿ ನಡುವಯಸ್ಸಿಗೆ ಬಂದಿತ್ತು.

ಕೈಗಾಕ್ಕೆ ಬರೋಣ, ಅಲ್ಲಿಯ ಲೆಕ್ಕ ಕಾರಂತರ ಪರವಾಗಿಲ್ಲ. ಚೆರ್ನೋಬಿಲ್ ದುರಂತ 1986ರ ಏಪ್ರಿಲಿನಲ್ಲಿ ಆಗಿತ್ತು. ಪಶ್ಚಿಮ ಘಟ್ಟದ ಕಾಡಿನ ಮಧ್ಯೆ, ಮಳೆ ಹೆಚ್ಚಿರುವ ಕಣಿವೆಯಲ್ಲಿ ರಿಯಾಕ್ಟರ್ ಬೇಕೇ ಎಂಬ ಪ್ರಶ್ನೆಗೆ ಅದರಿಂದ ಬಲ ಬಂದಿತ್ತು. ಮತದಾರರು ಒಪ್ಪಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ವಿರೋಧಿಸಿದವರ ಅನುಮಾನ ಹುಸಿಯಲ್ಲ ಎಂದಾಯಿತು. ಆದರೆ ವಿನ್ಯಾಸ ತಿದ್ದಿ ಕಟ್ಟಿದರು, 2000ದಲ್ಲಿ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಈಗ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲನೆಯದು 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ಆಗಿನ ದಾಖಲೆ ಮಾಡಿತು. ಚೆರ್ನೋಬಿಲ್‌ನಂಥದ್ದು ಅಲ್ಲಿ ಆಗಿಲ್ಲ. ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಅಣುವಿದ್ಯುತ್ತೇ ವಾಸಿ ಎಂದು ವಾದಿಸುವವರು ಪರಿಸರದವರಲ್ಲೂ ಇದ್ದಾರೆ. ಹೀಗಿರುವಾಗ ಕಾರಂತರ ಕೊನೆಯ ಹೋರಾಟ ತಪ್ಪು ಗುರಿಯ ಮೇಲೆ ಎಸೆದ ಕಲ್ಲು ಎನ್ನಬೇಕೇ? ಅಣುಶಕ್ತಿಯ ಬಗ್ಗೆ ಅವರ ಭಯ ಪ್ರಮಾಣ ಮೀರಿತ್ತು ಎಂದು ಒಪ್ಪುವುದಕ್ಕೆ ನನಗೆ ಅಡ್ಡಿಯಿಲ್ಲ. ಆದರೆ ಒಂದು ನದೀಕಣಿವೆಯ ಮೇಲೆ ಅಣೆಕಟ್ಟು, ವಿದ್ಯುತ್ ಮಾರ್ಗ, ಗಣಿ, ರಿಯಾಕ್ಟರ್ ಒಂದಾದ ಮೇಲೊಂದು ಬಂದು ಕೂರುವಾಗ ಅಲ್ಲಿಯವರನ್ನು ಕೇಳಿದ್ದೀರಾ ಎಂಬ ಅವರ ಪ್ರಶ್ನೆಗೆ 962 ದಿನಗಳ ದಾಖಲೆ ಉತ್ತರವಾಗದು. ಕಾಳಿಯ ಸೂಪಾ ಅಣೆಕಟ್ಟಿನಿಂದ ಎದ್ದುಹೋದವರು ಆ ಪ್ರಶ್ನೆಯನ್ನು ಅವರಿಗಿಂತ ಮೊದಲೇ ಕೇಳಿದ್ದರು.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಅರ್ಧ ಉತ್ತರವೇ ಇದೆ. ಕರಾವಳಿಯ ನಾಗಬನ, ಭೂತದ ಕಾಡು, ಕೊಡಗಿನ ದೇವರಕಾಡು ಇವೆಲ್ಲ ಯಾವ ವಿಶ್ವಕೋಶವೂ ಇಲ್ಲದೆ ಶತಮಾನಗಳ ಕಾಲ ಮರಗಳನ್ನು ಉಳಿಸಿವೆ. ದೇವರನ್ನು ನಂಬದ, ಎಲ್ಲಕ್ಕೂ ಕಾರಣ ಕೇಳುವ ಕಾರಂತರ ಬಗೆಯ ವಿಜ್ಞಾನ ಬರಹ ಆ ಭಯಭಕ್ತಿಯನ್ನು ಸಡಿಲಿಸಿತೇ ಹೊರತು ಅದಕ್ಕೆ ಸಮನಾದದ್ದನ್ನು ಕೊಡಲಿಲ್ಲ ಎಂದರೆ? ಭಕ್ತಿ ಉಳಿಸಿದ್ದು ಬನವನ್ನು ಮಾತ್ರ, ಬನದ ಪಕ್ಕದ ಹೊಳೆಯನ್ನಲ್ಲ. ಈಗಂತೂ ಭಕ್ತಿ ಹೆಚ್ಚಾದ ಕಡೆಯೇ ನಾಗಬನದ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟುವುದನ್ನು ನೋಡುತ್ತೇವೆ. ಹಾಗಾಗಿ ನಂಬಿಕೆಯೊಂದೇ ಸಾಲದು ಎಂಬ ಕಾರಂತರ ನಿಲುವು ಸರಿ. ಆದರೆ ವಿಶ್ವಕೋಶ ಎಂಬ ಪ್ರಕಾರಕ್ಕೇ ಒಂದು ಮಿತಿಯಿದೆ. ಅದು ಇಡೀ ಜಗತ್ತನ್ನು ಹೇಳಹೊರಟು ಹಿಮಕರಡಿಗೂ ಕೆಂದಳಿಲಿಗೂ ಒಂದೇ ಅಳತೆಯ ಜಾಗ ಕೊಡುತ್ತದೆ. ಮನೆಯ ಅಜ್ಜಿಗೆ ಗೊತ್ತಿರುವ ಮದ್ದಿನ ಸೊಪ್ಪು, ಬೇಸಾಯಗಾರನಿಗೆ ಗೊತ್ತಿರುವ ಭತ್ತದ ತಳಿ, ಮೀನುಗಾರನ ಬಾಯಲ್ಲಿರುವ ಮೀನಿನ ಹೆಸರು ಅದರೊಳಗೆ ಪೂರ್ತಿ ಬರಲಾರವು.

ಆ ಕೊರತೆಯನ್ನು ತುಂಬಿದವರು ಮುಂದಿನವರು. ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳ ಕಾಡಿನ ಪ್ರವಾಸವನ್ನೇ ಸಸ್ಯಶಾಸ್ತ್ರದ ಪಾಠ ಮಾಡಿದರು. ಪೂರ್ಣಚಂದ್ರ ತೇಜಸ್ವಿ 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಬೆನ್ನುಹತ್ತಿ ಮೂಡಿಗೆರೆಯ ಸುತ್ತಲಿನ ಸಾಮಾನ್ಯರನ್ನೆಲ್ಲ ವಿಜ್ಞಾನದ ಕಥೆಯೊಳಗೆ ತಂದರು, 1991ರ ‘ಪರಿಸರದ ಕತೆ’ ಕನ್ನಡದ ಮಕ್ಕಳು ತಾವಾಗಿಯೇ ಹುಡುಕಿ ಓದುವ ಪುಸ್ತಕವಾಯಿತು. ಕಾರಂತರು ತೋರಿಸಿ ಹೇಳುತ್ತಿದ್ದರು. ತೇಜಸ್ವಿ ಓದುಗನನ್ನು ಜೊತೆಗೆ ಕರೆದುಕೊಂಡು ಹೊರಟರು. ಬರಹಗಾರರಾಗಿ ತೇಜಸ್ವಿ ಈ ಕೆಲಸದಲ್ಲಿ ಮುಂದೆ ಹೋದರು ಎಂದೇ ನನ್ನ ತೀರ್ಮಾನ. ಆದರೆ ಆ ಹೊತ್ತಿಗೆ ಕನ್ನಡದಲ್ಲಿ ದಾರಿ ಇತ್ತು, ಓದುಗರೂ ಇದ್ದರು. 1936ರಲ್ಲಿ ಎರಡೂ ಇರಲಿಲ್ಲ.

‘ಪರಿಸರದ ಕತೆ’ ಬಂದ ವರ್ಷವೇ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶನ ಕೊಟ್ಟಿತು. ಈಗ ಪರಿಸರ ಒಂದು ವಿಷಯ, ಅದಕ್ಕೊಂದು ಪುಸ್ತಕ, ಪರೀಕ್ಷೆ, ಅಂಕ. ಇಡೀ ರಾಜ್ಯಕ್ಕೆ ಒಂದೇ ಪಠ್ಯ. ಬೀದರಿನ ಮಗುವಿಗೂ ಕಾರವಾರದ ಮಗುವಿಗೂ ಅದೇ ಮರದ ಚಿತ್ರ. ಕಾರಂತರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಾಲವನ ಈಗ ಸರಕಾರದ ಉಸ್ತುವಾರಿಯಲ್ಲಿದೆ. ಅಲ್ಲಿ ಕಾರ್ಯಕ್ರಮಗಳೂ ಪ್ರಶಸ್ತಿ ಪ್ರದಾನಗಳೂ ನಡೆಯುತ್ತವೆ. ಅವರ ಹೆಸರಿನಲ್ಲಿ ಇನ್ನೊಂದು ಪ್ರಶಸ್ತಿ ಬೇಕಾಗಿಲ್ಲ. ‘ಚಿತ್ರಮಯ ದಕ್ಷಿಣ ಕನ್ನಡ’ದ ಮಾದರಿಯಲ್ಲಿ ಪ್ರತಿ ತಾಲ್ಲೂಕಿನ ಶಾಲಾ ಶಿಕ್ಷಕರು ಸೇರಿ ತಮ್ಮ ತಾಲ್ಲೂಕಿನ ಹೊಳೆ, ಮರ, ಹಕ್ಕಿ, ಮೀನು, ಬೆಳೆ, ಕಸುಬುಗಳ ಒಂದೊಂದು ಪುಸ್ತಕ ಮಾಡಲಿ, ಅಲ್ಲಿಯ ಹಿರಿಯರ ಬಾಯಲ್ಲಿರುವ ಹೆಸರುಗಳೇ ಅದರಲ್ಲಿರಲಿ, ಅಚ್ಚಿನ ಖರ್ಚನ್ನು ಸರಕಾರ ಕೊಡಲಿ. ಮೊದಲ ಪುಸ್ತಕ ಪುತ್ತೂರಿನಿಂದಲೂ ಎರಡನೆಯದು ಕೈಗಾ ಇರುವ ಕಾರವಾರ ತಾಲ್ಲೂಕಿನಿಂದಲೂ ಬಂದರೆ ಚೆನ್ನ.